ನಾಲ್ಕನೇ ಮಹಡಿಯ ಸತ್ಯಾಗ್ರಹ

1973ರ ಸೆಪ್ಟೆಂಬರ್ 26ರಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಪುನರ್ವಸತಿ ಕಾಯ್ದೆಗೆ ಸಹಿ ಹಾಕಿದರು. ಇಂಥದೇ ಮಸೂದೆಯನ್ನು ಅದಕ್ಕೂ ಮೊದಲು ಎರಡು ಸಲ, ಖರ್ಚು ಕೈಮೀರುತ್ತದೆ ಎಂದು ಅವರು ತಡೆದಿದ್ದರು. ಮೂರನೆಯ ಸಲ ಒಪ್ಪಿದ ಆ ಕಾಯ್ದೆಯ ತೀರಾ ಕೊನೆಯಲ್ಲಿ 504 ಎಂಬ ಸಂಖ್ಯೆಯ ಒಂದು ಕಲಮು ಇತ್ತು. ಇಡೀ ಕಲಮು ಒಂದೇ ವಾಕ್ಯ. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಕಾರ್ಯಕ್ರಮದಿಂದಲೂ, ಅರ್ಹತೆ ಇರುವ ಯಾರನ್ನೂ, ಅಂಗವೈಕಲ್ಯವೊಂದನ್ನೇ ಮುಂದೆ ಮಾಡಿ ಹೊರಗಿಡುವಂತಿಲ್ಲ ಎಂಬುದು ಅದರ ಸಾರ. ಸಂಸತ್ತಿನಲ್ಲಿ ಈ ವಾಕ್ಯದ ಬಗ್ಗೆ ಹೇಳಿಕೊಳ್ಳುವಂಥ ಚರ್ಚೆಯೇ ನಡೆಯಲಿಲ್ಲ.

ಈ ವಾಕ್ಯ ಅಲ್ಲಿಗೆ ಹೇಗೆ ಬಂತು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸೆನೆಟ್ ಸಮಿತಿಯ ಸಿಬ್ಬಂದಿ ಕರಡು ತಿದ್ದುವಾಗ 1964ರ ನಾಗರಿಕ ಹಕ್ಕು ಕಾಯ್ದೆಯ ಭಾಷೆಯನ್ನೇ ಎತ್ತಿ ಇಲ್ಲಿ ಸೇರಿಸಿದರು, ಅದರ ಪರಿಣಾಮ ಎಷ್ಟು ದೂರ ಹೋದೀತೆಂದು ಯಾರೂ ಅಂದಾಜು ಮಾಡಿರಲಿಲ್ಲ ಎಂಬುದು 1980ರ ದಶಕದಲ್ಲಿ ರಿಚರ್ಡ್ ಸ್ಕಾಚ್ ಮಂಡಿಸಿದ ವಾದ. ಜನಾಂಗದ ಜೊತೆಗೆ ಅಂಗವೈಕಲ್ಯವನ್ನೂ ನಾಗರಿಕ ಹಕ್ಕು ಕಾಯ್ದೆಯೊಳಗೆ ತರಬೇಕೆಂದು ಹ್ಯೂಬರ್ಟ್ ಹಂಫ್ರಿ, ಚಾರ್ಲ್ಸ್ ವ್ಯಾನಿಕ್ ಅವರಂಥವರು ಒಂದೆರಡು ವರ್ಷ ಮೊದಲೇ ಮಸೂದೆ ತಂದು ಸೋತಿದ್ದರು, ಆ ಸೋಲಿನ ಫಲವೇ ಇದು ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಆ ವಾಕ್ಯ ಹೇಗೇ ಹುಟ್ಟಿರಲಿ, ನಾಲ್ಕು ವರ್ಷ ಅದು ಕಾಗದದ ಮೇಲೆಯೇ ಉಳಿಯಿತು. ಅದಕ್ಕೆ ಜೀವ ಬಂದದ್ದು 1977ರ ಏಪ್ರಿಲ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸರ್ಕಾರಿ ಕಟ್ಟಡದ ನಾಲ್ಕನೇ ಮಹಡಿಯಲ್ಲಿ.

ಆ ದಿನಗಳ ಅಮೆರಿಕದಲ್ಲಿ ಅಂಗವಿಕಲರ ಪಾಡು ಏನಿತ್ತೆಂದು ತಿಳಿಯಲು ಇಬ್ಬರ ಬದುಕು ನೋಡಿದರೆ ಸಾಕು. ಜೂಡಿ ಹ್ಯೂಮನ್ 1947ರಲ್ಲಿ ಹುಟ್ಟಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆಳೆದವರು. ಒಂದೂವರೆ ವರ್ಷದಲ್ಲಿ ಪೋಲಿಯೊ ತಗುಲಿತು. ಐದನೇ ವಯಸ್ಸಿಗೆ ತಾಯಿ ಅವರನ್ನು ಮನೆ ಹತ್ತಿರದ ಶಾಲೆಗೆ ಸೇರಿಸಲು ಕರೆದೊಯ್ದಾಗ, ಬೆಂಕಿ ಬಿದ್ದರೆ ಗಾಲಿಕುರ್ಚಿ ಅಪಾಯ ಎಂದು ಮುಖ್ಯೋಪಾಧ್ಯಾಯರು ವಾಪಸು ಕಳಿಸಿದರು. ಮುಂದೆ ಓದಿ, ಶಿಕ್ಷಕಿಯಾಗಲು ಪರೀಕ್ಷೆ ಕಟ್ಟಿದಾಗ 1970ರಲ್ಲಿ ನಗರದ ಶಿಕ್ಷಣ ಮಂಡಳಿ ಪರವಾನಗಿ ಕೊಡಲಿಲ್ಲ. ಅವರು ಕೋರ್ಟಿಗೆ ಹೋದರು. ಪ್ರಕರಣ ಬಂದದ್ದು ಅಮೆರಿಕದ ಕೇಂದ್ರ ನ್ಯಾಯಾಲಯದ ಮೊದಲ ಕಪ್ಪು ಮಹಿಳಾ ನ್ಯಾಯಾಧೀಶೆ ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ ಅವರ ಮುಂದೆ. ಮಂಡಳಿ ಜಗ್ಗಿತು, ಹ್ಯೂಮನ್‌ಗೆ ಪರವಾನಗಿ ಸಿಕ್ಕಿತು.

ಎಡ್ ರಾಬರ್ಟ್ಸ್ ಅವರಿಗೆ ಪೋಲಿಯೊ ಬಂದಾಗ ಹದಿನಾಲ್ಕು ವರ್ಷ. ಕತ್ತಿನಿಂದ ಕೆಳಗೆ ಚಲನೆ ಬಹುಪಾಲು ನಿಂತುಹೋಯಿತು. ರಾತ್ರಿ ಉಸಿರಾಡಲು ಕಬ್ಬಿಣದ ಶ್ವಾಸಯಂತ್ರದೊಳಗೆ ಮಲಗಬೇಕಿತ್ತು. 1962ರಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದರು. ಯಾವ ವಿದ್ಯಾರ್ಥಿನಿಲಯದ ನೆಲವೂ ಆ ಯಂತ್ರದ ಭಾರ ತಡೆಯುವಂತಿರಲಿಲ್ಲವಾದ್ದರಿಂದ ಆವರಣದ ಕಾವೆಲ್ ಆಸ್ಪತ್ರೆಯ ಕೊಠಡಿಯೇ ಅವರ ವಾಸದ ಕೋಣೆಯಾಯಿತು. ಅವರ ಹಿಂದೆ ಇನ್ನೂ ಕೆಲವರು ಅಲ್ಲಿಗೆ ಬಂದರು. ಆ ಗೆಳೆಯರ ಗುಂಪು 1972ರಲ್ಲಿ ಬರ್ಕ್ಲಿಯಲ್ಲಿ ಸ್ವತಂತ್ರ ಬದುಕಿನ ಕೇಂದ್ರ ಕಟ್ಟಿತು. ಅಂಗವಿಕಲರ ಸೇವೆಗಳನ್ನು ಅಂಗವಿಕಲರೇ ನಡೆಸುವ ಕೇಂದ್ರ ಅದು: ಸಹಾಯಕರನ್ನು ಹುಡುಕಿಕೊಡುವುದು, ಗಾಲಿಕುರ್ಚಿ ದುರಸ್ತಿ, ಬಾಡಿಗೆ ಮನೆ ಹುಡುಕಾಟ ಎಲ್ಲವೂ ಅಲ್ಲೇ. ಕೆಲಸ ಮಾಡಲಾರದಷ್ಟು ಅಸಮರ್ಥ ಎಂದು ಯಾವ ಇಲಾಖೆ ಒಮ್ಮೆ ರಾಬರ್ಟ್ಸ್ ಅವರಿಗೆ ನೆರವು ನಿರಾಕರಿಸಿತ್ತೋ, ಅದೇ ರಾಜ್ಯ ಪುನರ್ವಸತಿ ಇಲಾಖೆಯ ಮುಖ್ಯಸ್ಥರನ್ನಾಗಿ 1975ರಲ್ಲಿ ರಾಜ್ಯಪಾಲ ಜೆರ್ರಿ ಬ್ರೌನ್ ಅವರನ್ನು ನೇಮಿಸಿದರು. ಹ್ಯೂಮನ್ ಕೂಡ ಅಷ್ಟರಲ್ಲಿ ಬರ್ಕ್ಲಿ ಸೇರಿದ್ದರು. 1977ರ ಸತ್ಯಾಗ್ರಹಕ್ಕೆ ಬೇಕಾದ ಜನ, ಅನುಭವ, ಸಲಿಗೆ ಎಲ್ಲ ಹದಗೊಂಡದ್ದು ಈ ಕೇಂದ್ರದಲ್ಲೇ.

ಕಾಯ್ದೆ ಜಾರಿಯಾಗಬೇಕಾದರೆ ಅದಕ್ಕೆ ನಿಯಮಗಳು ಬೇಕು. ಆ ಕೆಲಸ ಕೇಂದ್ರದ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯದು. ಅಲ್ಲಿನ ನಾಗರಿಕ ಹಕ್ಕು ಕಚೇರಿಯ ಜಾನ್ ವೊಡಾಚ್ ಎಂಬ ಯುವ ವಕೀಲರ ತಂಡ ಕರಡು ಬರೆಯಲು ಕುಳಿತಾಗ ಒಂದು ತೊಡಕು ಎದುರಾಯಿತು. ಜನಾಂಗ ಭೇದ ತಡೆಯಲು ಎಲ್ಲರನ್ನೂ ಒಂದೇ ಥರ ನೋಡಿ ಎಂದರೆ ಸಾಕಿತ್ತು. ಇಲ್ಲಿ ಹಾಗಲ್ಲ. ಎಲ್ಲರಿಗೂ ಅದೇ ಮೆಟ್ಟಿಲು, ಅದೇ ಅಚ್ಚಿನ ಪ್ರಶ್ನೆಪತ್ರಿಕೆ, ಅದೇ ಬಾಯಿಮಾತಿನ ಪಾಠ ಕೊಟ್ಟರೆ ಗಾಲಿಕುರ್ಚಿಯವರು, ಕುರುಡರು, ಕಿವುಡರು ಹೊರಗೇ ಉಳಿಯುತ್ತಾರೆ. ಸಮಾನತೆ ಬರಬೇಕಾದರೆ ಸಂಸ್ಥೆಯೇ ತನ್ನ ರೀತಿ ಬದಲಿಸಿಕೊಳ್ಳಬೇಕು: ಇಳಿಜಾರು ಕಟ್ಟಬೇಕು, ಬ್ರೈಲ್ ಒದಗಿಸಬೇಕು, ಸಂಜ್ಞಾಭಾಷೆಯ ದುಭಾಷಿಯನ್ನು ಕರೆಸಬೇಕು. ಏನೂ ಮಾಡದೆ ಸುಮ್ಮನಿರುವುದೂ ಭೇದಭಾವವೇ ಎಂಬ ಈ ತೀರ್ಮಾನ ಇಡೀ ಕಥೆಯ ಬೀಜ ಎಂದು ನಾನು ತಿಳಿದಿದ್ದೇನೆ. ವಿಶ್ವವಿದ್ಯಾಲಯಗಳು, ಆಸ್ಪತ್ರೆಗಳು ಬೆಚ್ಚಿದ್ದೂ ಇದಕ್ಕೇ. ಖರ್ಚಿನ ಲೆಕ್ಕ ಮುಂದಿಟ್ಟು ಅವು ಒತ್ತಡ ತಂದವು. ಕರಡು ಸಿದ್ಧವಿದ್ದರೂ ಫೋರ್ಡ್ ಸರ್ಕಾರದ ಕಾರ್ಯದರ್ಶಿ ಡೇವಿಡ್ ಮ್ಯಾಥ್ಯೂಸ್ ಸಹಿ ಹಾಕಲಿಲ್ಲ. 1976ರಲ್ಲಿ ನ್ಯಾಯಾಲಯ ವಿಳಂಬ ಸಲ್ಲದು ಎಂದು ಹೇಳಿದ ಮೇಲೂ ದಿನ ದೂಡಿದರು.

ಜಿಮ್ಮಿ ಕಾರ್ಟರ್ ಚುನಾವಣಾ ಪ್ರಚಾರದಲ್ಲಿ ನಿಯಮ ಜಾರಿ ಮಾಡುವ ಭರವಸೆ ಕೊಟ್ಟಿದ್ದರು. 1977ರ ಜನವರಿಯಲ್ಲಿ ಅವರ ಸರ್ಕಾರ ಬಂತು, ಜೋಸೆಫ್ ಕ್ಯಾಲಿಫಾನೊ ಇಲಾಖೆಯ ಕಾರ್ಯದರ್ಶಿಯಾದರು. ಓದಿ ಅರ್ಥ ಮಾಡಿಕೊಳ್ಳಲು ಸಮಯ ಬೇಕು ಎಂದರು. ಕರಡನ್ನು ಮತ್ತೆ ತಿದ್ದಲಾಗುತ್ತಿದೆ, ಪ್ರತ್ಯೇಕ ಶಾಲೆಗಳಿಗೆ ಹಿಂಬಾಗಿಲು ತೆರೆಯಲಾಗುತ್ತಿದೆ ಎಂಬ ಸುದ್ದಿ ಹೊರಬಿತ್ತು. ಅಂಗವಿಕಲ ನಾಗರಿಕರ ರಾಷ್ಟ್ರೀಯ ಒಕ್ಕೂಟದ ಮುಖ್ಯಸ್ಥ, ಸ್ವತಃ ಕಿವುಡರಾದ ಫ್ರಾಂಕ್ ಬೋ, ಏಪ್ರಿಲ್ 4ರೊಳಗೆ ಮೂಲ ನಿಯಮಗಳಿಗೆ ಸಹಿ ಬೀಳದಿದ್ದರೆ ದೇಶದ ಉದ್ದಗಲಕ್ಕೂ ಇಲಾಖೆಯ ಕಚೇರಿಗಳ ಮುಂದೆ ಪ್ರತಿಭಟನೆ ಎಂದು ಗಡುವು ಕೊಟ್ಟರು. ಗಡುವು ಮೀರಿತು.

ಏಪ್ರಿಲ್ 5ರಂದು ವಾಷಿಂಗ್ಟನ್ನಿನ ಕೇಂದ್ರ ಕಚೇರಿಯಲ್ಲೂ ಹಲವು ನಗರಗಳ ಪ್ರಾದೇಶಿಕ ಕಚೇರಿಗಳಲ್ಲೂ ಜನ ಸೇರಿದರು. ವಾಷಿಂಗ್ಟನ್ನಿನಲ್ಲಿ ಒಳಗೆ ಕುಳಿತವರಿಗೆ ಅನ್ನಾಹಾರ ಬಿಡಲಿಲ್ಲ. 28 ಗಂಟೆಗಳಲ್ಲಿ ಆ ಧರಣಿ ಮುಗಿಯಿತು. ಉಳಿದ ನಗರಗಳಲ್ಲೂ ಹೆಚ್ಚು ದಿನ ನಿಲ್ಲಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಮಾತ್ರ ಬೇರೆಯಾಯಿತು.

ಆ ವ್ಯತ್ಯಾಸಕ್ಕೆ ದೊಡ್ಡ ಕಾರಣ ಕಿಟ್ಟಿ ಕೋನ್. ಸ್ನಾಯುಕ್ಷಯದಿಂದ ಬಳಲುತ್ತಿದ್ದ ಈ ಹೆಣ್ಣುಮಗಳು ನಾಗರಿಕ ಹಕ್ಕು ಚಳವಳಿ, ಯುದ್ಧವಿರೋಧಿ ಚಳವಳಿಗಳಲ್ಲಿ ಪಳಗಿದ ಸಂಘಟಕಿ. ವಾರಗಳ ಮೊದಲೇ ಚರ್ಚು, ಕಾರ್ಮಿಕ ಸಂಘ, ಮಹಿಳಾ ಸಂಘಟನೆ, ಕಪ್ಪು ಜನರ ಸಂಘಟನೆಗಳ ಬಾಗಿಲು ತಟ್ಟಿ ಬೆಂಬಲ ಗಟ್ಟಿ ಮಾಡಿಕೊಂಡಿದ್ದರು. ಆಹಾರಕ್ಕೊಂದು, ಔಷಧಕ್ಕೊಂದು, ಪತ್ರಿಕೆಗಳಿಗೊಂದು ಎಂದು ಸಮಿತಿಗಳೂ ಆಗಿದ್ದವು. ಯುನೈಟೆಡ್ ನೇಷನ್ಸ್ ಪ್ಲಾಜಾದ 50ನೇ ನಂಬರಿನ ಕಟ್ಟಡದೆದುರು ಸಭೆ ಮುಗಿಸಿ ಜನ ಒಳನುಗ್ಗಿ ನಾಲ್ಕನೇ ಮಹಡಿ ಸೇರಿದರು. ಪ್ರಾದೇಶಿಕ ನಿರ್ದೇಶಕ ಜೋಸೆಫ್ ಮಾಲ್ಡೊನಾಡೊ ಅವರನ್ನು ಹ್ಯೂಮನ್ 504ರ ನಿಯಮಗಳ ಬಗ್ಗೆ ಪ್ರಶ್ನಿಸಿದಾಗ, 504 ಎಂದರೇನೆಂದೇ ಅವರಿಗೆ ತಿಳಿದಿರಲಿಲ್ಲ. ತಮ್ಮ ಬದುಕನ್ನು ನಿರ್ಧರಿಸುವ ಕಾನೂನಿನ ಹೆಸರೂ ಗೊತ್ತಿಲ್ಲದ ಅಧಿಕಾರಿಯನ್ನು ಕಂಡ ಮೇಲೆ ಮನೆಗೆ ಹೋಗುವ ಮಾತು ಉಳಿಯಲಿಲ್ಲ. ಸುಮಾರು 150 ಮಂದಿ ಅಲ್ಲೇ ಕುಳಿತರು.

ಅಂಗವಿಕಲರು ಸರ್ಕಾರಿ ಕಚೇರಿಯ ನೆಲದ ಮೇಲೆ ರಾತ್ರಿ ಕಳೆಯುವುದೆಂದರೆ ಏನೆಂದು ಸ್ವಲ್ಪ ನಿಂತು ಯೋಚಿಸಬೇಕು. ಬೆನ್ನುಹುರಿ ಪೆಟ್ಟಾದವರನ್ನು ರಾತ್ರಿ ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಮೈ ಹುಣ್ಣಾಗುತ್ತದೆ. ಅದು ಉಲ್ಬಣಿಸಿದರೆ ಜೀವಕ್ಕೇ ಅಪಾಯ. ಮೂತ್ರದ ನಳಿಕೆ ಬದಲಿಸಬೇಕಾದವರಿದ್ದರು. ಗಾಲಿಕುರ್ಚಿಯ ಬ್ಯಾಟರಿಗೆ ಚಾರ್ಜು ಬೇಕಿತ್ತು. ಬಹಳ ಮಂದಿ ಬಂದದ್ದು ಒಂದು ಮಧ್ಯಾಹ್ನದ ಪ್ರತಿಭಟನೆಗೆ. ಬದಲಿ ಬಟ್ಟೆಯೂ ಇಲ್ಲ, ಮಾತ್ರೆಯೂ ಇಲ್ಲ, ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಸಹಾಯಕರೂ ಜೊತೆಗಿಲ್ಲ. ಹೊರಗೆ ಹೋದವರನ್ನು ಕಾವಲಿನವರು ಮತ್ತೆ ಒಳಗೆ ಬಿಡುತ್ತಿರಲಿಲ್ಲ. ತಂಪಿನಲ್ಲಿಡಬೇಕಾದ ಔಷಧಗಳಿಗಾಗಿ ಹವಾನಿಯಂತ್ರಕದ ಬಾಯಿಗೆ ರಟ್ಟಿನ ಪೆಟ್ಟಿಗೆ ಅಂಟಿಸಿ ಫ್ರಿಜ್ಜು ಮಾಡಿಕೊಂಡರು. ಕೈಯಿದ್ದವರು ಕೈಯಿಲ್ಲದವರಿಗೆ ಊಟ ಮಾಡಿಸಿದರು, ಕಣ್ಣಿಲ್ಲದವರು ಗಾಲಿಕುರ್ಚಿ ತಳ್ಳಿದರು. ಅಧಿಕಾರಿಗಳು ದೂರವಾಣಿ ಸಂಪರ್ಕ ಕಡಿದಾಗ ಕಿವುಡರು ಕಿಟಕಿಯಲ್ಲಿ ನಿಂತು, ಕೆಳಗೆ ಚೌಕದಲ್ಲಿ ನಿಂತವರಿಗೆ ಸಂಜ್ಞಾಭಾಷೆಯಲ್ಲಿ ಸುದ್ದಿ ಮುಟ್ಟಿಸಿದರು. ಅಂಥ ಗಾಜಿನಾಚೆಯ ಮಾತಿಗೆ ಸಂಜ್ಞಾಭಾಷೆ ಅರಿಯದವರಾರೂ ಒದಗುವಂತಿರಲಿಲ್ಲ.

ಅಲ್ಲಿಯವರೆಗೆ ಕುರುಡರ ಸಂಘ ಬೇರೆ, ಕಿವುಡರ ಶಾಲೆ ಬೇರೆ, ಪೋಲಿಯೊ ಪೀಡಿತರ ಶಿಬಿರ ಬೇರೆ, ಯುದ್ಧದಲ್ಲಿ ಕಾಲು ಕಳೆದುಕೊಂಡ ಯೋಧರ ಆಸ್ಪತ್ರೆ ಬೇರೆ ಎಂಬಂತೆ ಬದುಕಿದ್ದವರು ಒಂದೇ ಸೂರಿನಡಿ ಮಲಗಿ ಏಳತೊಡಗಿದರು. ದಿನವೂ ತಾಸುಗಟ್ಟಲೆ ಸಭೆ. ಸಂಜ್ಞಾಭಾಷೆಯ ದುಭಾಷಿ ಇಲ್ಲದೆ ಸಭೆ ಆರಂಭವಾಗುವಂತಿಲ್ಲ, ಸೆರೆಬ್ರಲ್ ಪಾಲ್ಸಿಯಿಂದಾಗಿ ನಿಧಾನವಾಗಿ ಮಾತನಾಡುವವರ ಮಾತು ಮುಗಿಯುವ ತನಕ ಎಲ್ಲರೂ ಕಾಯಬೇಕು. ಈ ಚಳವಳಿಯಲ್ಲಿ ನನಗೆ ಅತ್ಯಂತ ಆದರ ಹುಟ್ಟಿಸುವುದು ಇದೇ. ಸರ್ಕಾರದಿಂದ ಏನನ್ನು ಕೇಳುತ್ತಿದ್ದರೋ ಅದನ್ನು ಅವರು ತಮ್ಮೊಳಗೆ ಆಗಲೇ ನಡೆಸುತ್ತಿದ್ದರು.

ಹೊರಗಿನ ಬೆಂಬಲವೂ ಸಣ್ಣದಲ್ಲ. ಓಕ್‌ಲ್ಯಾಂಡಿನ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಸೇತುವೆ ದಾಟಿ ಬಂದು ದಿನಾ ಬಿಸಿ ಊಟ ತಲುಪಿಸಿತು. ಆ ಪಕ್ಷದ ಬ್ರಾಡ್ ಲೋಮ್ಯಾಕ್ಸ್ ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿತ್ತು. ಅವರೂ ಅವರ ಸಹಾಯಕ ಚಕ್ ಜಾಕ್ಸನ್ ಅವರೂ ಧರಣಿಯ ಒಳಗಿದ್ದರು. ಜಾಕ್ಸನ್ ಲೋಮ್ಯಾಕ್ಸ್ ಒಬ್ಬರನ್ನೇ ಅಲ್ಲ, ಇನ್ನೂ ಹಲವರನ್ನು ನೋಡಿಕೊಂಡರು. ಗ್ಲೈಡ್ ಚರ್ಚು, ವ್ಯಸನದಿಂದ ಹೊರಬಂದವರ ಡಿಲಾನ್ಸಿ ಸ್ಟ್ರೀಟ್ ಸಂಸ್ಥೆ ಬೆನ್ನಿಗೆ ನಿಂತವು. ನಗರದ ಮೇಯರ್ ಜಾರ್ಜ್ ಮಾಸ್ಕೋನಿ ಸ್ವತಃ ಬಂದು ಹಾಸಿಗೆ, ನಲ್ಲಿಗೆ ಸಿಕ್ಕಿಸಿ ಸ್ನಾನ ಮಾಡುವ ಕೊಳವೆಗಳನ್ನು ಒದಗಿಸಿದರು. ರಾಜ್ಯ ಇಲಾಖೆಯ ಮುಖ್ಯಸ್ಥರಾಗಿದ್ದೂ ಎಡ್ ರಾಬರ್ಟ್ಸ್ ಧರಣಿನಿರತರ ಪಕ್ಕದಲ್ಲಿ ಕಾಣಿಸಿಕೊಂಡರು. ಸುಸಾನ್ ಶ್ವೈಕ್ ಅವರಂಥ ಸಂಶೋಧಕರು ಇತ್ತೀಚಿನ ದಶಕಗಳಲ್ಲಿ ಒಂದು ತಕರಾರು ಎತ್ತಿದ್ದಾರೆ: ಈ ಚರಿತ್ರೆ ಬಿಳಿಯ ನಾಯಕರ ಹೆಸರುಗಳಲ್ಲಿ ಬರೆಯಲ್ಪಟ್ಟು ಲೋಮ್ಯಾಕ್ಸ್, ಜಾಕ್ಸನ್, ಪ್ಯಾಂಥರ್ ಪಕ್ಷದ ಪಾಲು ಬಹುಕಾಲ ಅಡಿಟಿಪ್ಪಣಿಯಾಗಿ ಉಳಿಯಿತು ಎಂದು. ಆ ಮಾತು ನ್ಯಾಯವಾದದ್ದು. ಪ್ಯಾಂಥರ್‌ಗಳ ಊಟವಿಲ್ಲದಿದ್ದರೆ ಸ್ಯಾನ್ ಫ್ರಾನ್ಸಿಸ್ಕೋದ ಧರಣಿಯೂ ವಾಷಿಂಗ್ಟನ್ನಿನದರ ಹಾಗೆ ಹಸಿವಿನಿಂದಲೇ ಮುರಿದುಬೀಳುತ್ತಿತ್ತು.

ಏಪ್ರಿಲ್ 15ರಂದು ಕಥೆ ತಿರುವು ಪಡೆಯಿತು. ಕ್ಯಾಲಿಫೋರ್ನಿಯಾದ ಸಂಸದರಾದ ಫಿಲಿಪ್ ಬರ್ಟನ್, ಜಾರ್ಜ್ ಮಿಲ್ಲರ್ ಅದೇ ಕಟ್ಟಡದಲ್ಲಿ ಸಂಸದೀಯ ಸಮಿತಿಯ ವಿಚಾರಣೆ ನಡೆಸಿದರು. ಕ್ಯಾಲಿಫಾನೊ ಪರವಾಗಿ ಬಂದ ಜೀನ್ ಐಡೆನ್‌ಬರ್ಗ್ ಎಂಬ ಅಧಿಕಾರಿ, ನಿಯಮಗಳಲ್ಲಿ 22 ಅಂಶಗಳು ಮರುಪರಿಶೀಲನೆಯಲ್ಲಿವೆ ಎಂಬ ಹೇಳಿಕೆ ಓದಿದರು. ಪ್ರತ್ಯೇಕವಾದರೂ ಸಮಾನ ಎಂಬ ಅರ್ಥದ ಮಾತು ಅವರ ಬಾಯಿಂದ ಬಂತು. ಕಪ್ಪು ಮಕ್ಕಳನ್ನು ಬೇರೆ ಶಾಲೆಗಳಲ್ಲಿಡಲು ಬಳಸುತ್ತಿದ್ದ, 1954ರಲ್ಲೇ ಸುಪ್ರೀಂ ಕೋರ್ಟ್ ಶಾಲೆಗಳ ಮಟ್ಟಿಗೆ ಕಿತ್ತೊಗೆದಿದ್ದ ಸೂತ್ರ ಅದು. ಕೋಣೆಯಲ್ಲಿ ಕೂಗೆದ್ದಿತು. ಓದಿ ಮುಗಿಸಿ ಐಡೆನ್‌ಬರ್ಗ್ ಎದ್ದು ಒಳಗಿನ ಕಚೇರಿ ಸೇರಿ ಬಾಗಿಲು ಹಾಕಿಕೊಂಡರು. ಬರ್ಟನ್ ಹಿಂದೆಯೇ ಓಡಿಹೋಗಿ ಬಾಗಿಲು ಬಡಿದು, ಒದ್ದು, ಹೊರಗೆ ಬಂದು ಜನ ಹೇಳುವುದನ್ನು ಕೇಳಿ ಎಂದು ಅಬ್ಬರಿಸಿದರು. ಐಡೆನ್‌ಬರ್ಗ್ ಅವರನ್ನು ಮತ್ತೆ ಕರೆತಂದು ಕೂರಿಸಲಾಯಿತು. ಹ್ಯೂಮನ್ ಮಾತನಾಡುತ್ತಾ ಗದ್ಗದಿತರಾದರು. ಇನ್ನು ಮುಂದೆ ಪ್ರತ್ಯೇಕತೆಯ ಮಾತನ್ನೇ ಸಹಿಸುವುದಿಲ್ಲ ಎಂದರು. ಎದುರು ಕುಳಿತು ತಲೆಯಾಡಿಸುತ್ತಿದ್ದ ಅಧಿಕಾರಿಗೆ, ತಾವು ಹೇಳುತ್ತಿರುವುದು ಅವರಿಗೆ ಅರ್ಥವಾಗಿದೆ ಎಂದು ತಮಗನ್ನಿಸುತ್ತಿಲ್ಲ, ಒಪ್ಪಿದವರಂತೆ ತಲೆಯಾಡಿಸುವುದನ್ನು ದಯವಿಟ್ಟು ನಿಲ್ಲಿಸಿ ಎಂದರು. ಆ ದೃಶ್ಯದ ಚಿತ್ರೀಕರಣ ಇಂದಿಗೂ ಉಳಿದಿದೆ. ನೋಡಿದವರು ಮರೆಯುವುದು ಕಷ್ಟ.

ಆದರೂ ಸಹಿ ಬೀಳಲಿಲ್ಲ. ಧರಣಿ ಶುರುವಾಗಿ ಎರಡು ವಾರ ಕಳೆದ ಮೇಲೆ ಒಂದು ತಂಡ ವಾಷಿಂಗ್ಟನ್ನಿಗೆ ಹೊರಟಿತು. ಸ್ಥಳೀಯ ದೂರದರ್ಶನ ವರದಿಗಾರ ಇವಾನ್ ವೈಟ್ ಜೊತೆಗೆ ಹೋದರು. ಯಂತ್ರ ಕೆಲಸಗಾರರ ಕಾರ್ಮಿಕ ಸಂಘ ಅಲ್ಲಿ ಅವರನ್ನು ಬರಮಾಡಿಕೊಂಡಿತು. ಗಾಲಿಕುರ್ಚಿ ಹತ್ತುವ ಬಸ್ಸು ಆ ರಾಜಧಾನಿಯಲ್ಲಿ ಅವರಿಗೆ ದಕ್ಕಲಿಲ್ಲ. ಸರಕು ಸಾಗಿಸುವ ಬಾಡಿಗೆ ಲಾರಿಯ ಹಿಂಭಾಗದಲ್ಲಿ, ಕಿಟಕಿಯಿಲ್ಲದ ಕತ್ತಲೆಯಲ್ಲಿ, ತಿರುವು ಬಂದಾಗಲೆಲ್ಲ ಒಬ್ಬರ ಮೇಲೊಬ್ಬರು ಜಾರುತ್ತಾ ಅವರು ಓಡಾಡಿದರು. ಕ್ಯಾಲಿಫಾನೊ ಮನೆಯೆದುರು ರಾತ್ರಿ ಮೇಣದಬತ್ತಿ ಹಿಡಿದು ಕುಳಿತರು. ಕಾರ್ಟರ್ ಪ್ರಾರ್ಥನೆಗೆ ಹೋಗುವ ಚರ್ಚಿನೆದುರೂ ನಿಂತರು. ಕೊನೆಗೆ ಏಪ್ರಿಲ್ 28ರಂದು ಕ್ಯಾಲಿಫಾನೊ ಸಹಿ ಹಾಕಿದರು. ಧರಣಿನಿರತರು ಭಯಪಟ್ಟಿದ್ದ ತಿದ್ದುಪಡಿಗಳು ಬರಲಿಲ್ಲ, ನಿಯಮಗಳ ತಿರುಳು ಹಾಗೇ ಉಳಿಯಿತು. ಅಂಗವಿಕಲ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುವ 1975ರ ಕಾಯ್ದೆಯ ನಿಯಮಗಳಿಗೂ ಅದೇ ದಿನ ಸಹಿ ಬಿತ್ತು. ನಾಲ್ಕನೇ ಮಹಡಿಯವರು ಏಪ್ರಿಲ್ 30ರಂದು ಹಾಡುತ್ತಾ ಹೊರಬಂದರು. ಅಮೆರಿಕದ ಕೇಂದ್ರ ಸರ್ಕಾರದ ಕಟ್ಟಡವೊಂದರಲ್ಲಿ ನಡೆದ ಅತಿ ದೀರ್ಘ ಅಹಿಂಸಾತ್ಮಕ ಧರಣಿ ಎಂದು ಅದನ್ನು ಗುರುತಿಸಲಾಗುತ್ತದೆ.

ತಮಗೆ ಬೇಕಿದ್ದದ್ದು ಅಧ್ಯಯನಕ್ಕೆ ಕಾಲಾವಕಾಶ ಮಾತ್ರ, ಧರಣಿ ಇರಲಿ ಇಲ್ಲದಿರಲಿ ಸಹಿ ಹಾಕುತ್ತಿದ್ದೆ ಎಂಬ ಧಾಟಿಯಲ್ಲಿ ಕ್ಯಾಲಿಫಾನೊ ಹೇಳಿಕೊಂಡದ್ದುಂಟು. ಸಹಿ ಬೀಳುತ್ತಿತ್ತೇನೋ. ಆದರೆ ಯಾವ ನಿಯಮಕ್ಕೆ? ಆ 22 ಅಂಶಗಳ ಪಟ್ಟಿಯೇ ಅದಕ್ಕೆ ಉತ್ತರ.

ನಿಯಮಗಳು 1977ರ ಜೂನ್‌ನಿಂದ ಜಾರಿಗೆ ಬಂದವು. ಕೇಂದ್ರದ ನೆರವು ಪಡೆಯುವ ಹೊಸ ಕಟ್ಟಡಗಳೆಲ್ಲ ಎಲ್ಲರೂ ಪ್ರವೇಶಿಸುವಂತಿರಬೇಕಾಯಿತು. ಹಳೆಯ ಕಟ್ಟಡಗಳಲ್ಲಿ ಕಟ್ಟೋಣದ ಬದಲಾವಣೆ ಅಗತ್ಯವಿದ್ದರೆ ಮೂರು ವರ್ಷದ ಗಡುವು ಸಿಕ್ಕಿತು. ಎಲ್ಲವೂ ಸರಾಗವಾಗೇನೂ ಸಾಗಲಿಲ್ಲ. ನರ್ಸಿಂಗ್ ಕಲಿಯಲು ಬಯಸಿದ ಶ್ರವಣದೋಷವುಳ್ಳ ಮಹಿಳೆಯೊಬ್ಬರ ಅರ್ಜಿಯ ವಿಷಯದಲ್ಲಿ 1979ರಲ್ಲಿ ಸುಪ್ರೀಂ ಕೋರ್ಟ್ ಕಾಲೇಜಿನ ಪರ ತೀರ್ಪು ಕೊಟ್ಟು 504ರ ಹರವನ್ನು ಕುಗ್ಗಿಸಿತು. ರೇಗನ್ ಸರ್ಕಾರ ಬಂದಾಗ ಉಪಾಧ್ಯಕ್ಷ ಜಾರ್ಜ್ ಬುಷ್ ನೇತೃತ್ವದ ಕಾರ್ಯಪಡೆ ಈ ನಿಯಮಗಳನ್ನು ಸಡಿಲಿಸಲು ಕೈಹಾಕಿತು. ಪತ್ರಗಳ ಮಹಾಪೂರವೇ ಹರಿದು 1983ರಲ್ಲಿ ಆ ಪ್ರಯತ್ನ ಕೈಬಿಡಬೇಕಾಯಿತು. ಅದೇ ಬುಷ್ ಅಧ್ಯಕ್ಷರಾಗಿ 1990ರ ಜುಲೈ 26ರಂದು ಅಮೆರಿಕದ ಅಂಗವಿಕಲರ ಕಾಯ್ದೆಗೆ ಸಹಿ ಹಾಕಿದರು. ಸರ್ಕಾರದ ಹಣ ಮುಟ್ಟದ ಅಂಗಡಿ, ಹೋಟೆಲು, ಚಿತ್ರಮಂದಿರ, ಖಾಸಗಿ ಕೆಲಸದ ಜಾಗಗಳಿಗೂ ಆ ಕಾಯ್ದೆ 504ರ ತತ್ವವನ್ನೇ ವಿಸ್ತರಿಸಿತು. ಅದಕ್ಕೂ ನಾಲ್ಕು ತಿಂಗಳು ಮೊದಲು, ಮಾರ್ಚ್ 12ರಂದು, ಮಸೂದೆ ತಡವಾದದ್ದಕ್ಕೆ ಹತ್ತಾರು ಮಂದಿ ಗಾಲಿಕುರ್ಚಿ, ಊರುಗೋಲು ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳಿ ಹತ್ತಿದ್ದರು. ಅವರಲ್ಲಿ ಎಂಟು ವರ್ಷದ ಬಾಲಕಿಯೂ ಇದ್ದಳು.

ಒಂದು ವೈರುಧ್ಯವನ್ನೂ ಹೇಳಬೇಕು. ಈ ಚಿಂತನೆಯಿಂದ ಬಹಳಷ್ಟು ಪಡೆದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲೇ ಅನುಮೋದಿಸಿತು. ಅಮೆರಿಕದ ಸೆನೆಟ್‌ನಲ್ಲಿ ಮಾತ್ರ 2012ರ ಡಿಸೆಂಬರ್‌ನಲ್ಲಿ ಅದು 61–38 ಮತಗಳಿಂದ, ಬೇಕಾದ ಮೂರನೇ ಎರಡು ಬಹುಮತಕ್ಕೆ ಐದು ಮತ ಕಡಿಮೆಯಾಗಿ ಬಿದ್ದುಹೋಯಿತು.

ನಮ್ಮ ದೇಶಕ್ಕೂ ಈ ಕಥೆಗೂ ನಂಟಿದೆ. ಸ್ಪೈನಾ ಬೈಫಿಡಾ ಎಂಬ ಬೆನ್ನುಹುರಿಯ ತೊಂದರೆಯೊಂದಿಗೆ ಅಲಿಗಢದಲ್ಲಿ ಹುಟ್ಟಿದ ಜಾವೇದ್ ಅಬಿದಿ ಓದಿದ್ದು ಅಮೆರಿಕದ ಒಹಾಯೊ ರಾಜ್ಯದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, 504ರ ನಿಯಮಗಳಡಿ ಬರುವ ಆವರಣದಲ್ಲಿ. ಊರಿಗೆ ಮರಳಿದ ಅವರು 1995ರ ಡಿಸೆಂಬರ್ 19ರಂದು ದೆಹಲಿಯಲ್ಲಿ ಅಂಗವಿಕಲರ ಪ್ರತಿಭಟನೆ ಸಂಘಟಿಸಿದರು. ವರ್ಷಗಳಿಂದ ಕಡತದಲ್ಲಿದ್ದ ಅಂಗವಿಕಲರ ಕಾಯ್ದೆಗೆ ಅದಾದ ಮೂರೇ ದಿನಕ್ಕೆ ನಮ್ಮ ಸಂಸತ್ತು ಒಪ್ಪಿಗೆ ಕೊಟ್ಟಿತು. ಅದರ ಜಾಗಕ್ಕೆ ಬಂದದ್ದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ. ಗುರುತಿಸಲಾದ ವೈಕಲ್ಯಗಳ ಸಂಖ್ಯೆ 7ರಿಂದ 21ಕ್ಕೆ, ಸರ್ಕಾರಿ ನೌಕರಿಯ ಮೀಸಲು ಶೇಕಡ 3ರಿಂದ 4ಕ್ಕೆ ಏರಿತು.

ಕಾಯ್ದೆ ಚೆನ್ನಾಗಿದ್ದೂ ನಿಯಮ ಸಡಿಲವಾದರೆ ಏನಾಗುತ್ತದೆ ಎಂಬುದು ಇಲ್ಲಿಯೂ ಮರುಕಳಿಸಿತು. ಕೇಂದ್ರದ 2017ರ ನಿಯಮಾವಳಿಯ 15ನೇ ನಿಯಮ ಹಲವು ಮಾರ್ಗಸೂಚಿಗಳನ್ನು ಪಟ್ಟಿ ಮಾಡಿತ್ತಷ್ಟೆ, ಕಡ್ಡಾಯವಾಗಿ ಪಾಲಿಸಲೇಬೇಕಾದ ಕನಿಷ್ಠ ಮಟ್ಟವನ್ನು ಹೇಳಿರಲಿಲ್ಲ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಆ ನಿಯಮ ಮೂಲ ಕಾಯ್ದೆಯ ಆಶಯಕ್ಕೇ ವಿರುದ್ಧ ಎಂದು ಹೇಳಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದೊಳಗೆ ಎಲ್ಲರಿಗೂ ತೆರೆದಿಡಬೇಕೆಂದು ಕಾಯ್ದೆ ಹಾಕಿದ್ದ ಗಡುವು 2022ಕ್ಕೇ ಮುಗಿದುಹೋಗಿತ್ತು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13.24 ಲಕ್ಷ. 2016ರ ಕಾಯ್ದೆಯ 44ನೇ ಕಲಮಿನಂತೆ, ನಿಯಮಕ್ಕೆ ಹೊಂದದ ನಕ್ಷೆಯ ಕಟ್ಟಡಕ್ಕೆ ಅನುಮತಿಯನ್ನೇ ಕೊಡುವಂತಿಲ್ಲ. ನಿಮ್ಮ ಊರಿನಲ್ಲಿ ಮುಂದಿನ ಪಂಚಾಯಿತಿ ಕಟ್ಟಡ, ಶಾಲಾ ಕೊಠಡಿ, ಬಸ್ ನಿಲ್ದಾಣ ಏಳುವ ಮೊದಲು ಅದರ ನಕ್ಷೆ ಕೇಳಿ ನೋಡಿ. ಇಳಿಜಾರು ಇಲ್ಲದಿದ್ದರೆ ಗುದ್ದಲಿ ಪೂಜೆಗೆ ಮೊದಲೇ ತಕರಾರು ಅರ್ಜಿ ಕೊಡಿ.